ಪ್ಲಗ್ ತೆಗೆಯುವ ಹೊತ್ತು

ಸಂದರ್ಶನ ಮೂರೂವರೆಗೆ. ಎರಡು ಗಂಟೆ ಹತ್ತು ನಿಮಿಷಕ್ಕೆ ನಾನು ಕಡಬದ ಒಂದು ಬೇಕರಿಯ ಒಳಮೂಲೆಯಲ್ಲಿ ಲ್ಯಾಪ್‌ಟಾಪ್ ತೆರೆದು ಕುಳಿತಿದ್ದೆ. ವೈಫೈ ಸಿಕ್ಕಿದೆ ಎಂದು ಅದು ತೋರಿಸಿತು. ಇಂಟರ್‌ನೆಟ್ ಇಲ್ಲ ಎಂದೂ ತೋರಿಸಿತು.

ಪತ್ರದಲ್ಲಿ ಸ್ಪಷ್ಟವಾಗಿ ಬರೆದಿದ್ದರು. ಹತ್ತು ನಿಮಿಷದೊಳಗೆ ಸೇರದವರು ಗೈರುಹಾಜರು. ಮೊಬೈಲಿನಿಂದ ಸೇರುವಂತಿಲ್ಲ, ನಕ್ಷೆಗಳನ್ನು ಪರದೆಯಲ್ಲಿ ತೋರಿಸಬೇಕು. ಮಂಗಳೂರಿನ ಒಂದು ಸಂಶೋಧನಾ ಸಂಸ್ಥೆಯಲ್ಲಿ ಎರಡು ವರ್ಷದ ಕೆಲಸ, ಹೊಳೆದಂಡೆಯ ಜರೀಗಿಡಗಳ ಮೇಲೆ. ವಯೋಮಿತಿ ಇಪ್ಪತ್ತೆಂಟು. ಜನವರಿಯಲ್ಲಿ ನನಗೆ ಅದು ದಾಟುತ್ತದೆ. ನನ್ನ ಗಂಡ ಶಿಬು ತೀರಿಕೊಂಡ ಮೇಲಿನ ಹದಿನೇಳು ತಿಂಗಳಲ್ಲಿ ನಾನು ಹಾಕಿದ ಒಂದೇ ಅರ್ಜಿ ಇದು.

ಕೊಯಿಲದ ನಮ್ಮ ಮನೆಯಲ್ಲಿ ಈಗ ನೆಟ್ ಇಲ್ಲ. ಮೊಬೈಲಿಗೂ ರೇಂಜ್ ಇಲ್ಲ. ಮಾತಾಡಬೇಕಾದರೆ ಬಾವಿಕಟ್ಟೆಯ ಹತ್ತಿರ ಹೋಗಿ ನಿಲ್ಲಬೇಕು. ಹಾಗಾಗಿ ಬೇಕರಿ. "ಇಲ್ಲಿ ವೈಫೈ ಉಂಟು" ಎಂಬ ಬೋರ್ಡನ್ನು ನಾನು ಹಿಂದಿನ ವಾರವೇ ನೋಡಿಟ್ಟಿದ್ದೆ. ಮಾಲೀಕರು ಚೆನ್ನಕೇಶವ ಎಂಬವರು. ನಾಲ್ಕು ಗಂಟೆಯವರೆಗೆ ಮೂಲೆಯ ಮೇಜು ನಿಮಗೇ ಎಂದು ಒಪ್ಪಿದ್ದರು.

"ಎಂತ ಮೇಡಂ, ಸಿಗುದಿಲ್ವಾ?" ಎಂದು ಅವರು ಗಲ್ಲಾಪೆಟ್ಟಿಗೆಯ ಹಿಂದಿನಿಂದಲೇ ಕೇಳಿದರು.

"ಲಾಗಿನ್ ಪೇಜ್ ಬರುವುದಿಲ್ಲ ಅಣ್ಣ."

"ಅದು ಸ್ವಲ್ಪ ಲೇಟು. ಬನ್ಸ್ ಬೇಗ ಬರ್ತದೆ. ಕೊಡ್ಲಾ?"

ಪಕ್ಕದ ಮೇಜಿನಲ್ಲಿ ಮೀನಿನ ಗಾಡಿಯ ಅದ್ರಾಮ ಸೋಡಾ ಕುಡಿಯುತ್ತಿದ್ದರು. "ಇವ್ರ ನೆಟ್ಟು, ಇವ್ರ ಬನ್ಸು ಎರಡೂ ನಿನ್ನೆಯದ್ದೇ" ಎಂದರು. ನಾನು ನಗಬೇಕಿತ್ತು. ನಗಲು ಸ್ವಲ್ಪ ತಡವಾಯಿತು. ಅಷ್ಟರಲ್ಲಿ ಅವರು ಮುಖ ತಿರುಗಿಸಿಯಾಗಿತ್ತು.

ಶಿಬು ಪುತ್ತೂರಿನ ಒಂದು ಕಂಪ್ಯೂಟರ್ ರಿಪೇರಿ ಅಂಗಡಿಯಲ್ಲಿ ಆರು ವರ್ಷ ಕೆಲಸ ಮಾಡಿದ್ದ. ಅವನ ಕ್ರಮ ಒಂದೇ. ಮೊದಲು ನಮ್ಮ ಕಡೆ ನೋಡು, ಆಮೇಲೆ ಅವರ ಕಡೆ. ಗಿರಾಕಿಗಳು ಕಂಪನಿಗೆ ಬೈಯುತ್ತಾ ಬರುತ್ತಾರೆ, ನೋಡಿದರೆ ತಪ್ಪು ಅವರ ಲ್ಯಾಪ್‌ಟಾಪಿನಲ್ಲೇ ಇರುತ್ತದೆ ಎನ್ನುತ್ತಿದ್ದ. ಈ ಲ್ಯಾಪ್‌ಟಾಪ್ ಅವನದು. ಒಂಬತ್ತು ವರ್ಷ ಹಳೆಯದು.

ನಾನು ನಮ್ಮ ಕಡೆ ನೋಡಿದೆ. ವೈಫೈ ಆಫ್ ಮಾಡಿ ಆನ್ ಮಾಡಿದೆ. ಬೇಕರಿಯ ಹೆಸರನ್ನು ಪಟ್ಟಿಯಿಂದ ತೆಗೆದು ಮತ್ತೆ ಸೇರಿಸಿದೆ. ಬೇರೆ ಬ್ರೌಸರ್ ತೆರೆದೆ. ಎರಡು ಇಪ್ಪತ್ತು. ಕೊನೆಗೆ ಸೆಟ್ಟಿಂಗ್ಸ್‌ನ ಒಳಗೆ ಹೋದೆ. ಡಿಎನ್‌ಎಸ್ ಎಂಬ ಜಾಗದಲ್ಲಿ ಶಿಬು ಕೈಯಾರೆ ಒಂದು ಸಂಖ್ಯೆ ಹಾಕಿಟ್ಟಿದ್ದ. ಅದರಿಂದ ಮನೆಯ ನೆಟ್ ಬೇಗ ಓಡುತ್ತಿತ್ತು. ಆದರೆ ಬೇಕರಿಯಂಥ ಕಡೆ ಅದೇ ಅಡ್ಡ. ಲ್ಯಾಪ್‌ಟಾಪ್ ದಾರಿಯನ್ನು ಬೇಕರಿಯ ಮೋಡೆಮ್ ಹತ್ತಿರ ಕೇಳಬೇಕು. ಇದು ಅದನ್ನು ದಾಟಿ ಬೇರೆಲ್ಲೋ ಕೇಳುತ್ತಿತ್ತು. ಸಂಖ್ಯೆ ಅಳಿಸಿದೆ. ಲಾಗಿನ್ ಪೇಜ್ ತಕ್ಷಣ ತೆರೆಯಿತು. ಫೋನಿಗೆ ಒಟಿಪಿ ಬಂತು. ಎರಡು ಮೂವತ್ತೊಂದಕ್ಕೆ ನೆಟ್ ಬಂತು.

ಒಂದು ಗಂಟೆ ಮಿಕ್ಕಿತ್ತು. ನಕ್ಷೆಗಳನ್ನು ಸಾಲಾಗಿ ತೆರೆದಿಟ್ಟೆ. ಎರಡೂ ಕಿವಿಗೆ ಇಯರ್‌ಫೋನ್ ಹಾಕಿಕೊಂಡೆ.

ಏಪ್ರಿಲ್, ಮೇ, ಮತ್ತೆ ಅಕ್ಟೋಬರ್, ನವೆಂಬರ್. ಈ ನಾಲ್ಕು ತಿಂಗಳು ಮಧ್ಯಾಹ್ನ ಮೇಲೆ ನಾನು ಇಯರ್‌ಫೋನ್ ತೆಗೆಯುವುದಿಲ್ಲ. ಹಾಡು ಕೇಳುವುದಲ್ಲ. ಫೋನಿನಲ್ಲಿ ಫ್ಯಾನ್ ತಿರುಗುವ ಶಬ್ದದ ಒಂದು ರೆಕಾರ್ಡಿಂಗ್ ಉಂಟು, ಅದನ್ನು ಹಾಕಿಕೊಳ್ಳುತ್ತೇನೆ. ಹೊರಗಿನದು ಕೇಳುವುದಿಲ್ಲ.

ಎರಡು ನಲವತ್ತೆಂಟಕ್ಕೆ ನೆಟ್ ಹೋಯಿತು.

ಈ ಸಲ ಬೇಕರಿಯ ಹೆಸರೇ ಪಟ್ಟಿಯಲ್ಲಿ ಇರಲಿಲ್ಲ. ಮೊದಲು ನಮ್ಮ ಕಡೆ. ವೈಫೈ ಆಫ್, ಆನ್. ಅಳಿಸಿದ ಸಂಖ್ಯೆ ಮತ್ತೆ ಬಂದಿದೆಯೋ ನೋಡಿದೆ, ಬಂದಿರಲಿಲ್ಲ. ಅಡಾಪ್ಟರ್ ನಿಲ್ಲಿಸಿ ಶುರುಮಾಡಿದೆ. ಲ್ಯಾಪ್‌ಟಾಪನ್ನೇ ರೀಸ್ಟಾರ್ಟ್ ಮಾಡಿದೆ. ಅದಕ್ಕೆ ಏಳು ನಿಮಿಷ ಬೇಕು. ಆ ಏಳು ನಿಮಿಷ ನಾನು ತಿರುಗುವ ಚುಕ್ಕೆಗಳನ್ನು ನೋಡುತ್ತಾ ಕುಳಿತೆ. ಮೂರು ಗಂಟೆಗೆ ಪರದೆ ಬಂತು. ಪಟ್ಟಿಯಲ್ಲಿ ಹೆಸರಿಲ್ಲ. ನನ್ನ ಫೋನಿನ ಹಾಟ್‌ಸ್ಪಾಟ್ ಆನ್ ಮಾಡಿದೆ. ಅದರ ಹೆಸರೂ ಲ್ಯಾಪ್‌ಟಾಪಿಗೆ ಕಾಣಿಸಲಿಲ್ಲ. ಅಲ್ಲಿಗೆ ನನಗೆ ಖಚಿತವಾಯಿತು, ಕೆಟ್ಟದ್ದು ಲ್ಯಾಪ್‌ಟಾಪೇ ಎಂದು.

ತಲೆ ಎತ್ತಿದೆ. ಬೇಕರಿಯಲ್ಲಿ ದೀಪ ಇರಲಿಲ್ಲ. ಫ್ರಿಜ್ಜಿನ ಒಳಗೂ ಕತ್ತಲೆ. ಚೆನ್ನಕೇಶವ ಏನೋ ಹೇಳುತ್ತಿದ್ದರು. ಇಯರ್‌ಫೋನ್ ತೆಗೆದೆ.

"...ಆಗಲೇ ತೆಗೆದೆ ಮಾರಾಯ್ರೆ. ಗುಡುಗು ಶುರುವಾಯ್ತಲ್ಲ. ನಿಮಗೆ ಕೇಳ್ಳಿಲ್ವಾ?"

ಗೋಡೆಯ ಸ್ವಿಚ್‌ಬೋರ್ಡಿನಲ್ಲಿ ಒಂದು ಪ್ಲಗ್ಗೂ ಇರಲಿಲ್ಲ. ಮೋಡೆಮ್‌ದು, ಫ್ರಿಜ್‌ದು, ಓವನ್‌ದು, ಎಲ್ಲ ವಯರುಗಳೂ ಕೆಳಗೆ ಜೋತುಬಿದ್ದಿದ್ದವು. ಇಲ್ಲಿ ಎಲ್ಲರೂ ಮಾಡುವುದೇ ಅದು. ಮೊದಲ ಗುಡುಗು ಎಲ್ಲೋ ಬಿಸಿಲೆ ಘಾಟಿಯ ಕಡೆಯಿಂದ ಕೇಳಿದರೂ ಸಾಕು, ಕಡಬದಿಂದ ಸುಳ್ಯದವರೆಗೆ ಮನೆಮನೆಯಲ್ಲಿ ಒಬ್ಬರು ಎದ್ದು ಹೋಗಿ ಪ್ಲಗ್ ಕೀಳುತ್ತಾರೆ. ಇದು ನನಗೆ ಗೊತ್ತಿಲ್ಲದ್ದಲ್ಲ. ಆದರೆ ಹದಿನೈದು ನಿಮಿಷ ನಾನು ನನ್ನ ಕಡೆಯನ್ನೇ ಬಿಚ್ಚಿ ನೋಡುತ್ತಿದ್ದೆ.

"ಒಮ್ಮೆ ಹಾಕ್ತೀರಾ ಅಣ್ಣ? ಮೋಡೆಮ್ ಒಂದು. ಮೂರೂವರೆಗೆ ಇಂಟರ್‌ವ್ಯೂ."

ಅವರು ಹೊರಗಿನ ಆಕಾಶ ನೋಡಿದರು, ನನ್ನ ಮುಖ ನೋಡಿದರು. ದನಿ ತಗ್ಗಿಸಿದರು. "ನೀವು ಶಿಬು ಅವರ ಹೆಂಡತಿ ಅಲ್ವಾ. ಅವರು ನನ್ನ ಬಿಲ್ಲಿಂಗ್ ಕಂಪ್ಯೂಟರ್ ಸರಿಮಾಡಿ ಕೊಟ್ಟವರು. ಸಿಡಿಲಿನ ವಿಷಯ ನಿಮಗೆ ನಾನು ಹೇಳ್ಬೇಕಾ?"

ಹೇಳಬೇಕಾಗಿರಲಿಲ್ಲ.

"ಲೈಬ್ರೆರಿಗೆ ಹೋಗಿ ನೋಡಿ" ಎಂದರು ಅದ್ರಾಮ. "ಅಲ್ಲಿ ಫೈಬರ್ ಉಂಟು. ಬನ್ನಿ, ಗಾಡಿಯಲ್ಲಿ ಬಿಡ್ತೇನೆ. ಮೀನಿನ ವಾಸನೆಗೆ ಇಂಟರ್‌ವ್ಯೂನವರು ಎಂತ ಹೇಳ್ಲಿಕ್ಕಿಲ್ಲ, ಅಲ್ಲಿಗೆ ಬರುದಿಲ್ಲಲ್ಲ."

ಲೈಬ್ರೆರಿ ತಲುಪುವಾಗ ಮೂರು ಹನ್ನೆರಡು. ಹನಿ ಬೀಳುತ್ತಿತ್ತು. ಬ್ಯಾಟರಿ ಐವತ್ತಾರು.

ಲೈಬ್ರೆರಿಯ ಭವಿತಕ್ಕ ಆಲೆಟ್ಟಿಯವರು. ಸುಳ್ಯದ ಕಾಲೇಜಿನಲ್ಲಿ ನನಗಿಂತ ಎರಡು ವರ್ಷ ಮುಂದಿದ್ದರು. ನಾನು ಅರಂತೋಡಿನ ತವರಿನಿಂದ ಬರುತ್ತಿದ್ದ ಕಾಲ. ಅವರು ನನ್ನನ್ನು ನೋಡಿ ಎದ್ದು ನಿಂತರು. ಸಾವಿನ ಮನೆಗೆ ಬಂದಿದ್ದಾಗ ನೋಡಿದ ಮೇಲೆ ಈಗಲೇ ನೋಡುವುದು.

ಇಲ್ಲಿಯೂ ಪ್ಲಗ್ ತೆಗೆದಿತ್ತು. ನಾನು ವಿಷಯ ಹೇಳಿದೆ. ಅವರು ಸ್ವಲ್ಪ ಹೊತ್ತು ಕಿವಿಗೊಟ್ಟು ನಿಂತರು. ಗುಡುಗು ಇನ್ನೂ ದೂರವಿತ್ತು.

"ಲೈನಿಗೆ ಎಂತ ಆಗುದಿಲ್ಲ, ಅದು ಗಾಜಿನ ನೂಲು" ಎಂದರು. "ಭಯ ಕರೆಂಟಿಂದು. ಹಾಕ್ತೇನೆ ಜಿನ್ಸಿ. ಆದ್ರೆ ಹತ್ತಿರ ಬಂದ್ರೆ ತೆಗೀಲೇಬೇಕು. ಹೋದ ವರ್ಷ ಒಂದು ಮೋಡೆಮ್ ಹೋಗಿ, ಮೂರು ತಿಂಗಳು ಎಲ್ಲರಿಗೂ ಉತ್ತರ ಹೇಳಿದ್ದು ನಾನೇ."

"ಆಯ್ತು."

"ನಿನ್ನ ಚಾರ್ಜರ್ ಹಾಕ್ಬೇಡ ಮತ್ತೆ."

"ಇಲ್ಲ."

ಮೋಡೆಮಿನ ದೀಪಗಳು ಒಂದೊಂದಾಗಿ ಹಸಿರಾದವು. ಮೂರು ಇಪ್ಪತ್ತಾರಕ್ಕೆ ಲ್ಯಾಪ್‌ಟಾಪ್ ಸೇರಿಕೊಂಡಿತು. ಮೂರೂವರೆಗೆ ಪರದೆಯಲ್ಲಿ ಮೂವರು ಕಾಣಿಸಿದರು. ನಡುವೆ ಅಧ್ಯಕ್ಷರು, ಬಲಗಡೆ ಒಬ್ಬ ಹೆಂಗಸು, ಎಡಗಡೆ ಒಬ್ಬರು ತಲೆ ಬಗ್ಗಿಸಿ ಬರೆಯುತ್ತಲೇ ಇದ್ದರು.

ಹೆಸರು ಕೇಳಿದರು. ಓದಿದ್ದು ಕೇಳಿದರು. ಎಂ.ಎಸ್ಸಿ. ಆದ ಮೇಲಿನ ನಾಲ್ಕು ವರ್ಷ ಏನು ಮಾಡಿದಿರಿ ಎಂದು ಕೇಳಿದರು. ಪಿಯುಸಿ ಮಕ್ಕಳಿಗೆ ಆನ್‌ಲೈನ್ ಪಾಠ ಮಾಡುತ್ತಿದ್ದೆ, ಆಮೇಲೆ ಮನೆಯಲ್ಲಿದ್ದೆ ಎಂದೆ. ನಕ್ಷೆ ತೋರಿಸಿದೆ. ಕುಮಾರಧಾರೆಗೆ ಸೇರುವ ಒಂದು ಸಣ್ಣ ಹೊಳೆ, ಅದರ ದಂಡೆಯಲ್ಲಿ ನಾನು ಗುರುತು ಹಾಕಿದ ನಲವತ್ತು ಚೌಕಗಳು. ಮಾತು ಬರುತ್ತಿತ್ತು. ನನ್ನದೇ ದನಿ ಇಯರ್‌ಫೋನಿನೊಳಗೆ ಬೇರೆ ಯಾರದೋ ಹಾಗೆ ಕೇಳುತ್ತಿತ್ತು, ಆದರೆ ಬರುತ್ತಿತ್ತು.

ಗುಡುಗು ಈಗ ಇಯರ್‌ಫೋನನ್ನು ದಾಟಿ ಕೇಳಿಸುತ್ತಿತ್ತು. ಮಿಂಚಿದ ಮೇಲೆ ಗುಡುಗುವವರೆಗೆ ನಾನು ಎಣಿಸುತ್ತಿದ್ದೆ. ಎಂಟು. ಮುಂದಿನದು ಐದು. ಬ್ಯಾಟರಿ ಮೂವತ್ತೈದು.

"ಇವು ಎಲ್ಲವೂ ಎಡದಂಡೆಯಲ್ಲೇ ಇವೆಯಲ್ಲ" ಎಂದರು ಆ ಹೆಂಗಸು. "ಬಲದಂಡೆಯಲ್ಲಿ ಒಂದೂ ಇಲ್ಲ. ಏಕೆ?"

ಉತ್ತರ ನನಗೆ ಗೊತ್ತಿತ್ತು. ಬಾಯಿ ತೆರೆದೆ. ಆಗ ಪರದೆಯ ಆಚೆ ಭವಿತಕ್ಕ ಕಂಡರು. ಅವರು ಬೋರ್ಡಿನ ಮುಂದೆ ನಿಂತು ನನ್ನ ಕಡೆ ತಿರುಗಿದ್ದರು. ಪ್ಲಗ್ಗನ್ನು ತೋರಿಸಿ, ತೆಗೆಯಲಾ ಎಂದು ಸನ್ನೆ ಮಾಡಿದರು.

ನಾನು ಎರಡು ಬೆರಳು ಎತ್ತಿದೆ. ಎರಡು ನಿಮಿಷ.

ನನ್ನ ಕೈಯನ್ನು ನಾನೇ ನೋಡಿದೆ.

ಆ ದಿನವೂ ಹೀಗೇ. ಮೇ ತಿಂಗಳು, ಸಂಜೆ ನಾಲ್ಕೂವರೆ. ನನ್ನ ಕಿವಿಯಲ್ಲಿ ಹೆಡ್‌ಸೆಟ್, ಪರದೆಯಲ್ಲಿ ಹದಿನೆಂಟು ಮಕ್ಕಳು. ಶಿಬು ಬಾಗಿಲಲ್ಲಿ ನಿಂತು ಮೋಡೆಮ್ ಕಡೆ ಕೈ ತೋರಿಸಿದ. ನಾನು ಎರಡು ಬೆರಳು ಎತ್ತಿದೆ. ಅವನು ಕುರ್ಚಿಯಲ್ಲಿ ಕುಳಿತು ಕಾದ. ಎರಡು ನಿಮಿಷ ಐದಾಯಿತು, ಆರಾಯಿತು. ಆಮೇಲೆ ಅವನು ಎದ್ದು ಹೋಗಿ ಪ್ಲಗ್ಗಿಗೆ ಕೈ ಹಾಕಿದ. ಆ ಕ್ಷಣಕ್ಕೇ ಸಿಡಿಲು ಬಡಿಯಿತು. ಗುಡುಗು ದೂರ ಇರುವಾಗ ತೆಗೆದಿದ್ದರೆ ಏನೂ ಆಗುತ್ತಿರಲಿಲ್ಲ. ಹತ್ತಿರ ಬಂದ ಮೇಲೆ ಮುಟ್ಟದೆ ಇದ್ದಿದ್ದರೆ ಒಂದು ಮೋಡೆಮ್ ಹೋಗುತ್ತಿತ್ತು. ಎರಡು ಬೆರಳಿನ ವಿಷಯ ನಾನು ಯಾರಿಗೂ ಹೇಳಿಲ್ಲ.

ಭವಿತಕ್ಕ ತಲೆಯಾಡಿಸಿ ಅಲ್ಲೇ ನಿಂತರು. ಕೈ ಬೋರ್ಡಿನ ಪಕ್ಕದಲ್ಲೇ ಇತ್ತು.

ನಾನು ಎದ್ದೆ. ಇಯರ್‌ಫೋನಿನ ವಯರು ಬಿಗಿದು ಅದು ಕಿವಿಯಿಂದ ಬಿತ್ತು. "ಮುಟ್ಟಬೇಡಿ" ಎಂದೆ. "ಭವಿತಕ್ಕ, ಅಲ್ಲಿಂದ ಬನ್ನಿ."

"ತೆಗೆದ್ರೆ ಆಯ್ತಲ್ಲ, ಒಂದು ಸೆಕೆಂಡು."

"ಬೇಡ. ಹೋದರೆ ಹೋಗಲಿ. ಬನ್ನಿ."

ಅವರು ಬರಲಿಲ್ಲ. ನಾನು ಹೋಗಿ ಅವರ ರಟ್ಟೆ ಹಿಡಿದು ಎಳೆದೆ. ಕೋಣೆಯ ನಡುವಿನ ಓದುವ ಮೇಜಿನವರೆಗೆ ಎಳೆದುಕೊಂಡು ಬಂದೆ. ಅವರಿಗೆ ನೋವಾಗಿರಬೇಕು. "ಎಂತ ಮಾಡ್ತಿ ನೀನು" ಎಂದು ಅವರು ಹೇಳುತ್ತಿರುವಾಗಲೇ ಇಡೀ ಕೋಣೆ ಬಿಳಿಯಾಯಿತು. ಬೆಳಕು, ಶಬ್ದ ಎರಡೂ ಒಟ್ಟಿಗೇ. ಬೋರ್ಡಿನಲ್ಲಿ ಪಟ್ ಎಂದು ನೀಲಿ ಕಿಡಿ ಹಾರಿತು. ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಬಂತು. ಆ ವಾಸನೆ ನನಗೆ ಗೊತ್ತು.

ಬೋರ್ಡಿನ ಮೇಲೆ ಕಪ್ಪು ಕಲೆ, ಅಂಗೈಯಷ್ಟು.

ಭವಿತಕ್ಕ ನೆಲದಲ್ಲಿ ಕುಳಿತರು. ನಾನೂ ಕುಳಿತೆ.

"ನನ್ನ ಕೈ ಅಲ್ಲೇ ಇತ್ತು" ಎಂದರು ಅವರು.

"ಹೌದು."

"ಅಲ್ಲೇ ಇತ್ತು ಜಿನ್ಸಿ."

ಮೂರು ನಲವತ್ತನಾಲ್ಕು. ಲ್ಯಾಪ್‌ಟಾಪನ್ನು ಮೇಜಿನಿಂದ ಇಳಿಸಿ ಮಡಿಲಲ್ಲಿ ಇಟ್ಟುಕೊಂಡೆ. ಸಂಪರ್ಕ ಕಡಿದಿದೆ, ಮತ್ತೆ ಪ್ರಯತ್ನಿಸಲಾಗುತ್ತಿದೆ ಎಂದು ಬರೆದಿತ್ತು. ಬ್ಯಾಟರಿ ಇಪ್ಪತ್ತೆಂಟು. ಗೈರುಹಾಜರು ಎನ್ನಲಿಕ್ಕಿಲ್ಲ, ಆದರೆ ಪ್ರಶ್ನೆಯ ನಡುವೆ ಎದ್ದು ಹೋದವಳು.

ಮೋಡೆಮ್ ಮುಗಿಯಿತು. ಉಳಿದದ್ದು ನನ್ನ ಫೋನ್ ಒಂದೇ. ಹಾಟ್‌ಸ್ಪಾಟ್ ಆನ್ ಮಾಡಿದೆ. ಲ್ಯಾಪ್‌ಟಾಪಿನ ಪಟ್ಟಿ ಖಾಲಿ. ನಮ್ಮ ಕಡೆ ನೋಡಿ ಆಗಿದೆ, ಈ ದಿನ ಎರಡೆರಡು ಸಲ ನೋಡಿ ಆಗಿದೆ. ಇಲ್ಲಿಯವರೆಗೆ ಅದು ಬೇಕರಿಯ ವೈಫೈ ಹಿಡಿದಿದೆ, ಲೈಬ್ರೆರಿಯದ್ದು ಹಿಡಿದಿದೆ. ಅದು ಕೆಟ್ಟಿಲ್ಲ. ಹಾಗಾದರೆ ಇನ್ನೊಂದು ಕಡೆ. ಫೋನಿನ ಹಾಟ್‌ಸ್ಪಾಟ್ ಸೆಟ್ಟಿಂಗ್ಸ್ ತೆರೆದು ಮೊದಲ ಬಾರಿಗೆ ಕೊನೆಯವರೆಗೆ ಓದಿದೆ. ಬ್ಯಾಂಡ್: 5. ತಮ್ಮ ಟಿಂಟು ಕಳೆದ ಕ್ರಿಸ್‌ಮಸ್‌ಗೆ ಕೊಡಿಸಿದ ಹೊಸ ಫೋನ್ ಅದು. ಹೊಸ ಅಲೆಯಲ್ಲಿ ಕಳಿಸುತ್ತದೆ. ಒಂಬತ್ತು ವರ್ಷ ಹಳೆಯ ಲ್ಯಾಪ್‌ಟಾಪಿಗೆ ಆ ಅಲೆ ಹಿಡಿಯಲು ಬರುವುದೇ ಇಲ್ಲ. 2.4 ಎಂಬುದನ್ನು ಒತ್ತಿದೆ.

ಪಟ್ಟಿಯಲ್ಲಿ ನನ್ನ ಹೆಸರು ಬಂತು.

ಬೇಕರಿಯಲ್ಲೇ ಇಷ್ಟು ಮಾಡಿದ್ದರೆ ಯಾರ ಪ್ಲಗ್ಗೂ ಬೇಕಾಗಿರಲಿಲ್ಲ. ಇದನ್ನು ನಾನು ಆಗ ಯೋಚಿಸಲಿಲ್ಲ. ಬಸ್ಸಿನಲ್ಲಿ ಯೋಚಿಸಿದೆ.

ಮೂರು ಐವತ್ತೊಂದಕ್ಕೆ ಸಂದರ್ಶನದ ಕೊಂಡಿ ಒತ್ತಿದೆ. ದಯವಿಟ್ಟು ಕಾಯಿರಿ, ನಿಮ್ಮನ್ನು ಒಳಗೆ ಸೇರಿಸಿಕೊಳ್ಳಬೇಕು ಎಂದು ಬಂತು. ಐವತ್ತೆರಡು. ಐವತ್ಮೂರು. ಬೇರೆಯವರ ಸಂದರ್ಶನ ಶುರುವಾಗಿರಬಹುದು. ಬ್ಯಾಟರಿ ಇಪ್ಪತ್ತು. ಭವಿತಕ್ಕ ನನ್ನ ಪಕ್ಕಕ್ಕೆ ಸರಿದು ಕುಳಿತು ಪರದೆಯನ್ನೇ ನೋಡುತ್ತಿದ್ದರು. ಐವತ್ತೈದು.

ಐವತ್ತಾರಕ್ಕೆ ಮೂವರೂ ಕಾಣಿಸಿದರು. ಬರೆಯುತ್ತಿದ್ದವರು ಈಗ ತಲೆ ಎತ್ತಿದ್ದರು.

"ನೀವು ಪ್ರಶ್ನೆಯ ಮಧ್ಯೆ ಎದ್ದು ಹೋದಿರಿ" ಎಂದರು ಅಧ್ಯಕ್ಷರು. "ಆಮೇಲೆ ಸಂಪರ್ಕ ಹೋಯಿತು. ಮೊದಲು ಹೋದದ್ದು ನೀವು."

"ಹೌದು ಸರ್."

"ಏನಾಯಿತು?"

ನೆಟ್‌ವರ್ಕ್ ತೊಂದರೆ ಎಂದರೆ ಸಾಕಿತ್ತು. ಎಲ್ಲರೂ ಹೇಳುವುದೇ ಅದು.

"ಸಿಡಿಲು ಹತ್ತಿರ ಬಂದಿತ್ತು ಸರ್. ಇಲ್ಲಿಯ ಲೈಬ್ರೆರಿಯನ್ ಮೋಡೆಮ್ ಪ್ಲಗ್ ತೆಗೆಯಲು ನಿಂತಿದ್ದರು. ನಾನೇ ಎರಡು ನಿಮಿಷ ತಡೆಯಿರಿ ಎಂದು ಸನ್ನೆ ಮಾಡಿದೆ. ಆಮೇಲೆ ಮುಟ್ಟಬೇಡಿ ಎಂದು ಹೇಳಲು ಎದ್ದು ಹೋದೆ. ನನ್ನ ಗಂಡ ಪ್ಲಗ್ ತೆಗೆಯುವಾಗ ತೀರಿಕೊಂಡರು. ಅವರಿಗೂ ನಾನು ಎರಡು ನಿಮಿಷ ಎಂದಿದ್ದೆ."

ಸಂಪರ್ಕ ಮತ್ತೆ ಹೋಯಿತೇ ಎಂದು ನಾನು ಫೋನಿನ ಕಡೆ ನೋಡಿದೆ. ಹೋಗಿರಲಿಲ್ಲ.

"ಲೈಬ್ರೆರಿಯನ್ ಹೇಗಿದ್ದಾರೆ?" ಎಂದು ಆ ಹೆಂಗಸು ಕೇಳಿದರು.

"ಪಕ್ಕದಲ್ಲೇ ಇದ್ದಾರೆ."

"ಸರಿ." ಅವರು ಕಾಗದ ನೋಡಿದರು. "ಬಲದಂಡೆಯಲ್ಲಿ ಚೌಕಗಳು ಏಕಿಲ್ಲ ಎಂದು ಕೇಳಿದ್ದೆ."

"ಬಲದಂಡೆಯಲ್ಲಿ ತೋಟಗಳಿವೆ ಮೇಡಂ. ಹುಲ್ಲು ಸಾಯುವ ಮದ್ದು ಬಿಡುತ್ತಾರೆ. ಅಲ್ಲಿ ಗಿಡ ಇಲ್ಲದಿದ್ದರೆ ಅದು ಹೊಳೆಯ ಕಾರಣಕ್ಕೋ ಮದ್ದಿನ ಕಾರಣಕ್ಕೋ ಎಂದು ನನಗೆ ಹೇಳಲು ಆಗುತ್ತಿರಲಿಲ್ಲ."

"ಅಲ್ಲಿಯೂ ಹಾಕಬೇಕಿತ್ತು. ಹೋಲಿಸಲು."

"ಹೌದು. ಈಗ ಮಾಡಿದರೆ ಹಾಕುತ್ತೇನೆ."

ಇನ್ನೂ ಎರಡು ಪ್ರಶ್ನೆ ಕೇಳಿದರು. ಒಂದಕ್ಕೆ ಗೊತ್ತಿಲ್ಲ ಎಂದೆ. ಮುಗಿಯುವಾಗ ಬ್ಯಾಟರಿ ಒಂಬತ್ತು.

ಭವಿತಕ್ಕ ಫ್ಲಾಸ್ಕಿನಿಂದ ಚಹಾ ಬಗ್ಗಿಸಿ ಕೊಟ್ಟರು. ನಾನು ಹೇಳಿದ್ದನ್ನು ಅವರು ಕೇಳಿಸಿಕೊಂಡಿದ್ದರು. "ಈ ಮೋಡೆಮಿಗೆ ಉತ್ತರ ಹೇಳ್ಲಿಕ್ಕೆ ನಿನ್ನನ್ನೂ ಕರೀತೇನೆ" ಎಂದರು ಅಷ್ಟೆ.

ಮೇಲ್ ಬಂದದ್ದು ಶನಿವಾರ, ಬಾವಿಕಟ್ಟೆಯಲ್ಲಿ. ತೆಗೆದುಕೊಂಡಿದ್ದಾರೆ, ನವೆಂಬರ್ ಮೂರಕ್ಕೆ ಸೇರಬೇಕು. ಆದರೆ ಅದಕ್ಕೆ ಮೊದಲು, ಸಂದರ್ಶನದ ದಿನವೇ ಸಂಜೆ ನಡೆದದ್ದು ಒಂದಿದೆ.

ಬಸ್ಸಿಳಿದು ಮನೆಗೆ ಬಂದಾಗ ತೆಂಗಿನಗರಿ ಸುಟ್ಟ ವಾಸನೆ ಇತ್ತು. ಗರಿಗಳ ಭಾನುವಾರ ಚರ್ಚಿನಿಂದ ತಂದ ಎಳೆಗರಿಯನ್ನು ಶಿಬುವಿನ ಅಮ್ಮ ಮೇರಿಕುಟ್ಟಿ ಎತ್ತಿಟ್ಟಿರುತ್ತಾರೆ. ಗುಡುಗುವಾಗ ಸಿಡಿಲು ತಾಗದಿರಲೆಂದು ಒಂದು ತುಂಡು ಮುರಿದು ಒಲೆಗೆ ಹಾಕುತ್ತಾರೆ. ಅಡುಗೆಮನೆಯ ನೆಲದಲ್ಲಿ ಕಾಲು ಚಾಚಿ ಕುಳಿತು ಮರಗೆಣಸು ಹೆಚ್ಚುತ್ತಿದ್ದರು.

"ಕಡಬದಲ್ಲಿ ಗುಡುಗು ಜೋರಿತ್ತಾ ಮೋಳೇ?"

ಮಲಯಾಳದಲ್ಲಿ ಮಗಳೇ ಎಂದು ಕರೆದು ಪ್ರತಿ ಸಲ ಇದನ್ನೇ ಕೇಳುತ್ತಾರೆ. ಪ್ರತಿ ಸಲ ನಾನು ಕೇಳಿಸಲಿಲ್ಲ ಎನ್ನುತ್ತೇನೆ.

"ಜೋರಿತ್ತು ಅಮ್ಮಚ್ಚಿ."

ಅವರು ತಲೆ ಎತ್ತಿ ನನ್ನ ಕಿವಿಗಳನ್ನು ನೋಡಿದರು. ನಾನು ಅವರ ಎದುರು ಕುಳಿತೆ. ಆಗಲೇ ಮೂವರು ಅಪರಿಚಿತರಿಗೆ ಹೇಳಿಯಾಗಿತ್ತು.

"ಆ ದಿನ ಅವನು ಮೊದಲೇ ತೆಗೆಯಲು ಬಂದಿದ್ದ. ಗುಡುಗು ದೂರ ಇರುವಾಗಲೇ. ನಾನು ಎರಡು ನಿಮಿಷ ಅಂದೆ. ಅವನು ಕೂತ."

ಅಮ್ಮಚ್ಚಿಯ ಚೂರಿ ನಿಲ್ಲಲಿಲ್ಲ. ಒಂದು ಗೆಣಸು ಮುಗಿಸಿ ಇನ್ನೊಂದನ್ನು ಎತ್ತಿಕೊಂಡರು.

"ಕೂತದ್ದು ನನಗೆ ಗೊತ್ತುಂಟು" ಎಂದರು. "ಇಲ್ಲಿಂದ ಕಾಣ್ತದೆ ಆ ಕುರ್ಚಿ. ಅವ ಮತ್ತೆ ಎದ್ದದ್ದು ಯಾಕೆ, ನಿನಗೆ ಗೊತ್ತುಂಟಾ?"

"ಇಲ್ಲ."

"ನಾನು ಕೂಗಿದೆ. ಎಂತ ಕೂತ್ಕೊಂಡಿ, ತೆಗಿ ಮೊದಲು ಅಂತ. ಅವ ಏಳ್ಳಿಲ್ಲ. ಮತ್ತೊಮ್ಮೆ ಕೂಗಿದೆ, ಬೈದು. ನಿನಗೆ ಕೇಳ್ಳಿಲ್ಲ, ಕಿವಿಯಲ್ಲಿ ಅದು ಇತ್ತಲ್ಲ."

ಅವರು ಹೆಚ್ಚಿದ ಹೋಳುಗಳನ್ನು ನೀರಿಗೆ ಹಾಕಿದರು.

"ಪಾದ್ರಿಯವರಿಗೂ ಹೇಳ್ಳಿಲ್ಲ ನಾನು" ಎಂದರು.

ಆಲಂಕಾರಿನ ಕಡೆ ಗುಡುಗಿತು, ಸಣ್ಣಗೆ, ಹಿಂದಕ್ಕೆ ಹೋಗುತ್ತಾ ಇದ್ದ ಮಳೆಯದ್ದು. ತೆಂಗಿನಕಾಯಿ ರುಬ್ಬಿದ ಮಿಕ್ಸಿಯ ಪ್ಲಗ್ ಗೋಡೆಯಲ್ಲೇ ಇತ್ತು. ಇಬ್ಬರೂ ಅದನ್ನು ನೋಡಿದೆವು. ಇಬ್ಬರೂ ಏಳಲಿಲ್ಲ. ನಾನು ಇನ್ನೊಂದು ಚೂರಿ ತೆಗೆದುಕೊಂಡು ಉಳಿದ ಗೆಣಸಿನ ಸಿಪ್ಪೆ ತೆಗೆಯತೊಡಗಿದೆ.